ಆಮ್‌ಟ್ರ್ಯಾಕ್ ಮುಖ್ಯಸ್ಥರು ಬದಲಾದಾಗ: ಪ್ರತಿಕ್ರಿಯೆಗಳನ್ನು ಓದುವ ಬಗೆ

2025ರ ಮಾರ್ಚ್ 19ರಂದು ಅಮೆರಿಕದ ರಾಷ್ಟ್ರೀಯ ಪ್ರಯಾಣಿಕ ರೈಲು ಸಂಸ್ಥೆಯಾದ ಆಮ್‌ಟ್ರ್ಯಾಕ್‌ನ ಸಿಇಒ ಸ್ಟೀಫನ್ ಗಾರ್ಡ್ನರ್ ಹುದ್ದೆ ತೊರೆದರು. ಇಂಥ ಸುದ್ದಿ ಹೊರಬಿದ್ದ ಕೂಡಲೇ ಪ್ರಯಾಣಿಕರ ಸಂಘಗಳು, ಕಾರ್ಮಿಕ ಸಂಘಟನೆಗಳು, ರಾಜಕಾರಣಿಗಳು, ರೈಲು ಪ್ರಿಯರು ಎಲ್ಲರೂ ಮಾತನಾಡತೊಡಗುತ್ತಾರೆ. ಒಬ್ಬರಿಗೆ ಅದು ರಾಜಕೀಯ ಹಸ್ತಕ್ಷೇಪ, ಇನ್ನೊಬ್ಬರಿಗೆ ಎಂದೋ ಆಗಬೇಕಿದ್ದ ಬದಲಾವಣೆ, ಮತ್ತೊಬ್ಬರಿಗೆ ಖಾಸಗೀಕರಣದ ಮುನ್ಸೂಚನೆ. 2005ರಲ್ಲಿಯೂ 2017ರಲ್ಲಿಯೂ ಹೀಗೆಯೇ ಆಗಿತ್ತು. ಈ ಮಾತುಗಳ ಬಹುಪಾಲು ವ್ಯಕ್ತಿಯ ಸುತ್ತ ಸುತ್ತುತ್ತದೆ. ಆದರೆ ಆಮ್‌ಟ್ರ್ಯಾಕ್‌ನ ಮುಂದಿನ ದಾರಿಯನ್ನು ವ್ಯಕ್ತಿಗಿಂತ ಹೆಚ್ಚಾಗಿ ನಿರ್ಧರಿಸುವುದು ಹಣ ಯಾರದು, ಹಳಿ ಯಾರದು, ಕಾನೂನು ಏನು ಹೇಳುತ್ತದೆ ಎಂಬ ಮೂರು ಸಂಗತಿಗಳು. ಆದ್ದರಿಂದ ಮುಂದಿನ ಬಾರಿ ಇಂಥ ಸುದ್ದಿ ಬಂದಾಗ ಯಾವ ಪ್ರತಿಕ್ರಿಯೆಗೆ ಎಷ್ಟು ತೂಕ ಕೊಡಬೇಕು, ಯಾವುದನ್ನು ಬದಿಗಿಡಬೇಕು ಎಂದು ತೀರ್ಮಾನಿಸಿಕೊಳ್ಳುವ ಕ್ರಮವೊಂದನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ನಿರ್ಗಮನದ ಪ್ರಕಟಣೆಯನ್ನು ಓದಿ

ಪ್ರತಿಕ್ರಿಯೆಗಳಿಗೆ ಹೋಗುವ ಮೊದಲು ಸಂಸ್ಥೆಯ ಪ್ರಕಟಣೆಯನ್ನೇ ಎರಡು ಸಲ ಓದುವುದು ಒಳ್ಳೆಯದು. ಅದನ್ನು ಅರ್ಥಮಾಡಿಕೊಳ್ಳಲು ಆಮ್‌ಟ್ರ್ಯಾಕ್‌ನ ರಚನೆ ತಿಳಿದಿರಬೇಕು. ಇದು ಸರ್ಕಾರಿ ಇಲಾಖೆಯಲ್ಲ. 1970ರ ಕಾಯ್ದೆಯೊಂದರ ಅಡಿಯಲ್ಲಿ ಸ್ಥಾಪಿತವಾಗಿ 1971ರ ಮೇ 1ರಿಂದ ರೈಲು ಓಡಿಸುತ್ತಿರುವ ನಿಗಮವಿದು. ಇದರ ಆದ್ಯತಾ ಷೇರುಗಳು ಫೆಡರಲ್ ಸರ್ಕಾರದ ಕೈಯಲ್ಲಿವೆ. ಸಿಇಒರನ್ನು ಆಯ್ಕೆ ಮಾಡುವುದು ಮತ್ತು ತೆಗೆಯುವುದು ಆಡಳಿತ ಮಂಡಳಿಯ ಅಧಿಕಾರ. ಆ ಮಂಡಳಿಯ ಎಂಟು ಸದಸ್ಯರನ್ನು ದೇಶದ ಅಧ್ಯಕ್ಷರು ನಾಮಕರಣ ಮಾಡುತ್ತಾರೆ, ಸಂಸತ್ತಿನ ಮೇಲ್ಮನೆಯಾದ ಸೆನೆಟ್ ಅನುಮೋದಿಸುತ್ತದೆ. ಸಾರಿಗೆ ಸಚಿವರಿಗೂ ಅಲ್ಲಿ ಸ್ಥಾನವಿದೆ. ಅಂದರೆ ಕಾಗದದ ಮೇಲೆ ಶ್ವೇತಭವನಕ್ಕೂ ಸಿಇಒಗೂ ನಡುವೆ ಒಂದು ಗೋಡೆಯಿದೆ, ಆದರೆ ಗೋಡೆ ಕಟ್ಟುವವರನ್ನು ಕಳಿಸುವುದೇ ಶ್ವೇತಭವನ.

ಇಷ್ಟು ತಿಳಿದ ಮೇಲೆ ಪ್ರಕಟಣೆಯಲ್ಲಿ ಮೂರು ಅಂಶಗಳನ್ನು ಹುಡುಕಬೇಕು: ನಿರ್ಗಮನಕ್ಕೆ ಕೊಟ್ಟ ಕಾರಣ, ಅದು ಜಾರಿಗೆ ಬರುವ ದಿನ, ಉತ್ತರಾಧಿಕಾರಿಯ ಹೆಸರು. 2017ರಲ್ಲಿ ವಿಕ್ ಮೂರ್‌ಮನ್ ಅವರ ಸ್ಥಾನಕ್ಕೆ ರಿಚರ್ಡ್ ಆ್ಯಂಡರ್ಸನ್ ಬಂದಾಗ ಇಬ್ಬರೂ ಆ ವರ್ಷದ ಅಂತ್ಯದವರೆಗೆ ಜಂಟಿಯಾಗಿ ಹೊಣೆ ಹೊತ್ತಿದ್ದರು. ಮೂರ್‌ಮನ್ ಅಲ್ಪಾವಧಿಗೆಂದೇ, ಅದೂ ವರ್ಷಕ್ಕೆ ಒಂದು ಡಾಲರ್ ಮೂಲ ವೇತನಕ್ಕೆ ಬಂದವರಾದ್ದರಿಂದ ಆ ಬದಲಾವಣೆಯಲ್ಲಿ ಅನಿರೀಕ್ಷಿತವಾದದ್ದು ಕಡಿಮೆ. ಗಾರ್ಡ್ನರ್ ಅವರ ನಿರ್ಗಮನ ಇದಕ್ಕೆ ತದ್ವಿರುದ್ಧ. ಸಂಸ್ಥೆಗೆ ಅಂದಿನ ಟ್ರಂಪ್ ಆಡಳಿತದ ಪೂರ್ಣ ವಿಶ್ವಾಸ ಉಳಿಯಲಿ ಎಂಬ ಕಾರಣಕ್ಕೆ ತಾವು ಸರಿಯುತ್ತಿರುವುದಾಗಿ ಅವರು ಹೇಳಿದರು, ಹೊಸ ಸಿಇಒ ಹೆಸರು ಅಂದು ಪ್ರಕಟವಾಗಲಿಲ್ಲ, ಸಂಸ್ಥೆಯ ಅಧ್ಯಕ್ಷರಾಗಿದ್ದ ರಾಜರ್ ಹ್ಯಾರಿಸ್ ಹೊಣೆ ವಹಿಸಿಕೊಂಡರು. ಯಾರ ವಿಶ್ವಾಸ ಎಂಬುದು ಪ್ರಕಟಣೆಯಲ್ಲೇ ಬರೆದಿರುವಾಗ, ಇದು ಮಂಡಳಿಯೊಳಗಿನ ಭಿನ್ನಾಭಿಪ್ರಾಯ ಎಂದೋ ವೈಯಕ್ತಿಕ ಕಾರಣ ಎಂದೋ ಊಹಿಸುವ ಪ್ರತಿಕ್ರಿಯೆಗಳನ್ನು ಬದಿಗಿಡಬಹುದು. ನಿರ್ಗಮನಕ್ಕೆ ಎರಡು ವಾರಗಳ ಹಿಂದಷ್ಟೇ, ಆಗ ಟ್ರಂಪ್ ಅವರ ಸಲಹೆಗಾರರಾಗಿದ್ದ ಎಲಾನ್ ಮಸ್ಕ್ ಆಮ್‌ಟ್ರ್ಯಾಕ್ ಖಾಸಗಿಯಾಗಬೇಕು ಎಂದು ಸಾರ್ವಜನಿಕವಾಗಿ ಹೇಳಿದ್ದರಿಂದ ಖಾಸಗೀಕರಣದ ಭೀತಿ ಹುಟ್ಟಿದ್ದು ಸಹಜವೇ. ಆದರೆ ಆಮ್‌ಟ್ರ್ಯಾಕ್‌ನ ಅಸ್ತಿತ್ವವೂ ಉದ್ದೇಶವೂ ಕಾನೂನಿನಲ್ಲಿ ಬರೆದಿರುವುದರಿಂದ ಸಿಇಒ ಬದಲಾದ ಮಾತ್ರಕ್ಕೆ ಖಾಸಗೀಕರಣ ನಡೆಯುವುದಿಲ್ಲ. ಅದಕ್ಕೆ ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು, ಕೈ ಹಾಕಬೇಕಾಗುತ್ತದೆ.

ಮಂಡಳಿಯೇ ನೇರವಾಗಿ ಸಿಇಒರನ್ನು ಕಿತ್ತುಹಾಕಿದ ಪ್ರಸಂಗವನ್ನೂ ಅರಿತಿರುವುದು ಉಪಯುಕ್ತ. 2002ರಲ್ಲಿ ಡೇವಿಡ್ ಗನ್ ಅಧಿಕಾರ ವಹಿಸಿಕೊಂಡಾಗ ಸಂಸ್ಥೆಯ ಖಜಾನೆ ಬರಿದಾಗಿತ್ತು. 1997ರ ಕಾಯ್ದೆಯೊಂದು ಆಮ್‌ಟ್ರ್ಯಾಕ್ ಕೆಲವೇ ವರ್ಷಗಳಲ್ಲಿ ನಿರ್ವಹಣಾ ಸಹಾಯಧನವಿಲ್ಲದೆ ನಡೆಯಬೇಕೆಂದು ಗಡುವು ಹಾಕಿತ್ತು. ಅದನ್ನು ಮುಟ್ಟುವ ಹಟದಲ್ಲಿ ಹಿಂದಿನ ಆಡಳಿತ 2001ರಲ್ಲಿ ನ್ಯೂಯಾರ್ಕ್‌ನ ಪೆನ್ ಸ್ಟೇಷನ್ನಿನ ಮೇಲೆಯೇ 30 ಕೋಟಿ ಡಾಲರ್ ಸಾಲ ಎತ್ತಿತ್ತು. ಗನ್ ಲಾಭದ ಮಾತನ್ನು ಕೈಬಿಟ್ಟು, ದುರಸ್ತಿಗೆ ಒತ್ತು ಕೊಟ್ಟು, ಹಣ ಕೊಡದಿದ್ದರೆ ರೈಲುಗಳು ನಿಲ್ಲುತ್ತವೆ ಎಂದು ಬಾಯಿಬಿಟ್ಟು ಹೇಳಿದರು. 2005ರ ಆರಂಭದಲ್ಲಿ ಬುಷ್ ಆಡಳಿತ ತನ್ನ ಬಜೆಟ್ ಪ್ರಸ್ತಾವದಲ್ಲಿ ಆಮ್‌ಟ್ರ್ಯಾಕ್‌ನ ನಿರ್ವಹಣಾ ಅನುದಾನವನ್ನು ಶೂನ್ಯಕ್ಕಿಳಿಸಿತು. ಆ ವರ್ಷವೇ ಮಂಡಳಿ ವಾಷಿಂಗ್ಟನ್–ಬಾಸ್ಟನ್ ನಡುವಿನ ಈಶಾನ್ಯ ಕಾರಿಡಾರನ್ನು ಪ್ರತ್ಯೇಕ ಘಟಕವಾಗಿಸುವ ದಿಕ್ಕಿನಲ್ಲಿ ಹೆಜ್ಜೆಯಿಟ್ಟಾಗ ಗನ್ ವಿರೋಧಿಸಿದರು, ನವೆಂಬರ್ 9ರಂದು ಅವರನ್ನು ವಜಾಗೊಳಿಸಲಾಯಿತು. ಅಂದಿನ ಪ್ರತಿಕ್ರಿಯೆಗಳಲ್ಲಿ ಆಮ್‌ಟ್ರ್ಯಾಕ್ ಒಡೆದು ಹೋಗುವುದು ಖಚಿತ ಎಂಬ ಧ್ವನಿ ಜೋರಾಗಿತ್ತು. ಆದರೆ ವಜಾ ನಡೆಯುವ ಒಂದು ವಾರ ಮೊದಲೇ ಸೆನೆಟ್ 93–6 ಮತಗಳಿಂದ ಆಮ್‌ಟ್ರ್ಯಾಕ್‌ಗೆ ಬೆಂಬಲ ಸೂಚಿಸುವ ತಿದ್ದುಪಡಿಯೊಂದಕ್ಕೆ ಒಪ್ಪಿಗೆ ಕೊಟ್ಟಿತ್ತು. ಕಾರಿಡಾರ್ ಬೇರ್ಪಡಲಿಲ್ಲ. ಆ ದಿನ ಮುಂದೇನಾಗುತ್ತದೆಂದು ತಿಳಿಯಬಯಸಿದವರಿಗೆ ನೂರಾರು ಪ್ರತಿಕ್ರಿಯೆಗಳಿಗಿಂತ ಆ ಒಂದು ಮತಗಣನೆಯೇ ಹೆಚ್ಚು ಹೇಳುತ್ತಿತ್ತು.

ಮಾತನಾಡುವವರ ಹಿತಾಸಕ್ತಿ ಯಾವ ಮಾರ್ಗದಲ್ಲಿದೆ?

ಎರಡನೆಯ ಕೆಲಸವೆಂದರೆ ಪ್ರತಿ ಹೇಳಿಕೆಯ ಪಕ್ಕದಲ್ಲಿ ಹೇಳಿದವರು ಯಾವ ಬಗೆಯ ಸೇವೆಯನ್ನು ಅವಲಂಬಿಸಿದ್ದಾರೆ ಎಂದು ಗುರುತು ಹಾಕಿಕೊಳ್ಳುವುದು. ಆಮ್‌ಟ್ರ್ಯಾಕ್ ಹೊರನೋಟಕ್ಕೆ ಒಂದೇ ಸಂಸ್ಥೆಯಾದರೂ ಒಳಗೆ ಮೂರು ಬೇರೆ ವ್ಯವಹಾರಗಳು. ವಾಷಿಂಗ್ಟನ್ನಿನಿಂದ ನ್ಯೂಯಾರ್ಕ್ ಮಾರ್ಗವಾಗಿ ಬಾಸ್ಟನ್ ಮುಟ್ಟುವ 457 ಮೈಲಿ ಉದ್ದದ ಈಶಾನ್ಯ ಕಾರಿಡಾರಿನಲ್ಲಿ 363 ಮೈಲಿ ಹಳಿ ಸಂಸ್ಥೆಯದೇ ಸ್ವತ್ತು. 750 ಮೈಲಿಗಿಂತ ಕಡಿಮೆ ಉದ್ದದ ಇತರ ಮಾರ್ಗಗಳ ಖರ್ಚನ್ನು 2008ರ ಕಾಯ್ದೆಯ ಪ್ರಕಾರ ಆಯಾ ರಾಜ್ಯಗಳು ಹೊರುತ್ತವೆ. ಅದಕ್ಕಿಂತ ಉದ್ದದ ದೂರಪ್ರಯಾಣದ ಮಾರ್ಗಗಳಿಗೆ ಫೆಡರಲ್ ಸರ್ಕಾರ ಹಣ ಕೊಡುತ್ತದೆ.

ಈ ಮೂರರಲ್ಲಿ ಅತ್ಯಂತ ಬೇಗನೆ, ಅತ್ಯಂತ ಬಿಸಿಯಾಗಿ ಪ್ರತಿಕ್ರಿಯಿಸುವವರು ದೂರಪ್ರಯಾಣದ ರೈಲುಗಳ ಬಳಕೆದಾರರು. ಅದಕ್ಕೆ ಕಾರಣವಿದೆ. ಕಾನ್ಸಾಸ್‌ನ ಅಥವಾ ಮೊಂಟಾನದ ಸಣ್ಣ ಊರಿನ ನಿಲ್ದಾಣಕ್ಕೆ ದಿನಕ್ಕೆ ಪ್ರತಿ ದಿಕ್ಕಿಗೆ ಒಂದೇ ರೈಲು. ಅದು ನಿಂತರೆ ಆ ಊರಿಗೆ ಬೇರೆ ಸಾರ್ವಜನಿಕ ಸಾರಿಗೆ ಇಲ್ಲದೆಯೂ ಹೋಗಬಹುದು. ಹೊಸ ಮುಖ್ಯಸ್ಥರು ಬಂದ ಕೂಡಲೇ ಅವರು ದೂರಪ್ರಯಾಣದ ವಿರೋಧಿಯೇ ಎಂದು ಈ ಜನ ಕೇಳುವುದನ್ನು ಹುಂಬತನವೆಂದು ತಳ್ಳಿಹಾಕಬಾರದು. 1967ರಲ್ಲಿ ಹುಟ್ಟಿ, ಈಗ ರೈಲ್ ಪ್ಯಾಸೆಂಜರ್ಸ್ ಅಸೋಸಿಯೇಷನ್ ಎಂಬ ಹೆಸರಿನಲ್ಲಿ ಕೆಲಸ ಮಾಡುತ್ತಿರುವ ಪ್ರಯಾಣಿಕರ ಸಂಘದ ಹೇಳಿಕೆಗಳು ಸಾಮಾನ್ಯವಾಗಿ ಇದಕ್ಕಿಂತ ಅಳತೆಯ ಮಾತಿನವು, ಏಕೆಂದರೆ ಅದು ಹೊಸಬರೊಂದಿಗೂ ನಾಳೆ ಮಾತುಕತೆಗೆ ಕೂರಬೇಕಾದ ಸಂಸ್ಥೆ. ಅದರ ಹೇಳಿಕೆಯಲ್ಲಿ ಸ್ವಾಗತದ ಸಾಲುಗಳನ್ನು ದಾಟಿ, ನಂತರ ಬರುವ ಬೇಡಿಕೆಗಳನ್ನು ಓದಿ.

ಕಾರ್ಮಿಕ ಸಂಘಟನೆಗಳ ಪ್ರತಿಕ್ರಿಯೆಯಲ್ಲಿ ಎರಡು ಎಳೆಗಳು ಹೆಣೆದುಕೊಂಡಿರುತ್ತವೆ: ಹೊರಗುತ್ತಿಗೆಯ ಆತಂಕ ಮತ್ತು ಮುಂದಿನ ವೇತನ ಒಪ್ಪಂದದ ಪೂರ್ವಸಿದ್ಧತೆ. ರೈಲು ಕಾರ್ಮಿಕ ಕಾಯ್ದೆಯಡಿ ಒಪ್ಪಂದಗಳು ತಿದ್ದುಪಡಿಯಾಗುವವರೆಗೆ ಜಾರಿಯಲ್ಲೇ ಇರುವುದರಿಂದ, ಸಿಇಒ ಬದಲಾದ ಮರುದಿನವೇ ಕಾರ್ಮಿಕರ ಷರತ್ತುಗಳು ಬದಲಾಗುವುದಿಲ್ಲ. ಒಪ್ಪಂದಗಳ ವ್ಯಾಪ್ತಿಗೆ ಬಾರದ ವ್ಯವಸ್ಥಾಪಕ ಹುದ್ದೆಗಳ ವಿಷಯ ಬೇರೆ, ಅದನ್ನು ಮುಂದೆ ನೋಡೋಣ. ರಾಜ್ಯ ಸಾರಿಗೆ ಇಲಾಖೆಗಳು ಬಹುಮಟ್ಟಿಗೆ ಮೌನವಾಗಿರುತ್ತವೆ. ಕ್ಯಾಲಿಫೋರ್ನಿಯ, ಇಲಿನಾಯ್, ವಾಷಿಂಗ್ಟನ್ ಮುಂತಾದ ರಾಜ್ಯಗಳು ಆಮ್‌ಟ್ರ್ಯಾಕ್‌ನ ಗಿರಾಕಿಗಳು. ಬಿಲ್ಲಿನ ಲೆಕ್ಕದಲ್ಲಿ ಅವರಿಗಿರುವ ತಕರಾರು ಯಾರು ಮುಖ್ಯಸ್ಥರಾದರೂ ಮುಂದುವರಿಯುತ್ತದೆ. ಸರಕು ರೈಲು ಕಂಪನಿಗಳು ಎರಡು ಸಾಲಿನ ಶುಭಾಶಯ ಕಳಿಸುತ್ತವೆ, ಅದನ್ನು ಓದದಿದ್ದರೂ ನಷ್ಟವಿಲ್ಲ.

ಕಾಂಗ್ರೆಸ್ ಸದಸ್ಯರ ಹೇಳಿಕೆಗಳನ್ನು ಮಾತ್ರ ಪಕ್ಷದ ಆಧಾರದಲ್ಲಿ ವಿಂಗಡಿಸಲು ಹೋಗಬೇಡಿ. ಅವರ ರಾಜ್ಯದ ಮೇಲೆ ಯಾವ ರೈಲು ಹಾಯುತ್ತದೆ ಎಂದು ನೋಡಿ. 2018ರಲ್ಲಿ ಷಿಕಾಗೊ ಮತ್ತು ಲಾಸ್ ಏಂಜಲೀಸ್ ನಡುವಿನ ಸೌತ್‌ವೆಸ್ಟ್ ಚೀಫ್ ರೈಲಿನ ಮಾರ್ಗದಲ್ಲಿ, ಕಾನ್ಸಾಸ್‌ನ ಡಾಡ್ಜ್ ಸಿಟಿಯಿಂದ ನ್ಯೂಮೆಕ್ಸಿಕೊದ ಆಲ್ಬುಕರ್ಕಿವರೆಗೆ ರೈಲಿನ ಬದಲು ಬಸ್ಸು ಓಡಿಸುವ ಆಲೋಚನೆಯನ್ನು ಆ್ಯಂಡರ್ಸನ್ ಆಡಳಿತ ಮುಂದಿಟ್ಟಿತು. ಅದನ್ನು ಎದುರಿಸಿದವರಲ್ಲಿ ಕಾನ್ಸಾಸ್‌ನ ರಿಪಬ್ಲಿಕನ್ನರೂ ಇದ್ದರು, ನ್ಯೂಮೆಕ್ಸಿಕೊದ ಡೆಮಾಕ್ರಾಟರೂ ಇದ್ದರು. ಆಗಸ್ಟ್ ತಿಂಗಳಲ್ಲಿ ಸೆನೆಟ್ 95–4 ಮತಗಳಿಂದ ಆ ರೈಲನ್ನು ಉಳಿಸುವ ತಿದ್ದುಪಡಿಯನ್ನು ಅಂಗೀಕರಿಸಿತು, ಬಸ್ಸಿನ ಮಾತು ಅಲ್ಲಿಗೆ ನಿಂತಿತು. ನಿವೃತ್ತರಾಗಿದ್ದ ಮಾಜಿ ಸಿಇಒ ಜೋಸೆಫ್ ಬೋರ್ಡ್‌ಮನ್ ಅವರೂ ಆ ಯೋಜನೆಯನ್ನು ಬಹಿರಂಗವಾಗಿ ಟೀಕಿಸಿದ್ದರು. ಮಾಜಿ ಮುಖ್ಯಸ್ಥರೊಬ್ಬರು ಹಾಲಿ ಮುಖ್ಯಸ್ಥರ ವಿರುದ್ಧ ಲೇಖನಿ ಎತ್ತುವುದು ಅಪರೂಪ. ಅಂಥ ಪ್ರತಿಕ್ರಿಯೆ ಬಂದಾಗ ನಿಂತು ಓದಬೇಕು.

ಹಿಂದಿನ ನೌಕರಿಯನ್ನು ನೋಡಿ ತೀರ್ಪು ಕೊಡಬೇಡಿ

ಹೊಸ ಮುಖ್ಯಸ್ಥರ ಹೆಸರು ಪ್ರಕಟವಾದ ದಿನ ಅತಿ ಹೆಚ್ಚು ಚರ್ಚೆಯಾಗುವುದು ಅವರು ರೈಲಿನವರೇ, ವಿಮಾನದವರೇ ಎಂಬುದು. ಮೂರ್‌ಮನ್ ಸರಕು ರೈಲು ಕಂಪನಿಯಾದ ನಾರ್ಫೋಕ್ ಸದರ್ನ್‌ನ ಮುಖ್ಯಸ್ಥರಾಗಿದ್ದವರು, ಅವರಿಗೆ ಸಿಕ್ಕಿದ್ದು ಬಹುತೇಕ ಸ್ವಾಗತ. ಆ್ಯಂಡರ್ಸನ್ ಡೆಲ್ಟಾ ವಿಮಾನ ಸಂಸ್ಥೆಯಿಂದ ಬಂದವರು, ಅವರನ್ನು ಮೊದಲ ದಿನದಿಂದಲೇ ಅನುಮಾನದಿಂದ ನೋಡಿದವರು ಬಹಳ. 2020ರ ಏಪ್ರಿಲ್‌ನಲ್ಲಿ ಬಂದ ವಿಲಿಯಂ ಫ್ಲಿನ್ ಅವರೂ ಸರಕು ವಿಮಾನ ಸಂಸ್ಥೆ ಅಟ್ಲಾಸ್ ಏರ್‌ನವರು. ಗಾರ್ಡ್ನರ್ ರೈಲಿನಲ್ಲೂ ಕೆಲಸ ಮಾಡಿದ್ದರು, ಸೆನೆಟ್ ಸಮಿತಿಯ ಸಿಬ್ಬಂದಿಯಾಗಿ 2008ರ ರೈಲು ಕಾಯ್ದೆಯ ಕರಡಿನಲ್ಲೂ ಭಾಗಿಯಾಗಿದ್ದರು. ಇಷ್ಟೆಲ್ಲ ಹಿನ್ನೆಲೆ ಇದ್ದೂ ಅವರ ನಿರ್ಗಮನವನ್ನು ನಿರ್ಧರಿಸಿದ್ದು ಹಿನ್ನೆಲೆಯಲ್ಲ.

ಆ್ಯಂಡರ್ಸನ್ ವಿಷಯದಲ್ಲಿ ಊಟದ ಬೋಗಿಯ ಕಥೆ ಮತ್ತೆ ಮತ್ತೆ ಬರುವುದರಿಂದ ಅದನ್ನು ಸ್ವಲ್ಪ ಬಿಡಿಸಿ ನೋಡುವುದು ಸೂಕ್ತ. 2018ರ ಜೂನ್‌ನಲ್ಲಿ ಷಿಕಾಗೊದಿಂದ ವಾಷಿಂಗ್ಟನ್ನಿಗೆ ಹೋಗುವ ಕ್ಯಾಪಿಟಲ್ ಲಿಮಿಟೆಡ್ ಮತ್ತು ನ್ಯೂಯಾರ್ಕಿಗೆ ಹೋಗುವ ಲೇಕ್ ಷೋರ್ ಲಿಮಿಟೆಡ್ ರೈಲುಗಳಲ್ಲಿ ಅಲ್ಲೇ ಬೇಯಿಸಿ ಬಡಿಸುವ ಪದ್ಧತಿ ನಿಂತು ಡಬ್ಬಿ ಊಟ ಬಂದಿತು. ಮರುವರ್ಷ ಪೂರ್ವಭಾಗದ ಇನ್ನಷ್ಟು ರಾತ್ರಿ ರೈಲುಗಳಿಗೂ ಇಂಥ ವ್ಯವಸ್ಥೆ ಹಬ್ಬಿತು. ವಿಮಾನದವನು ವಿಮಾನದ ಊಟ ತಂದ ಎಂಬ ಟೀಕೆ ಎಲ್ಲರ ಬಾಯಲ್ಲೂ ಇತ್ತು, ಟೀಕೆ ಚುರುಕಾಗಿಯೇ ಇದೆ. ಆದರೆ ಆಹಾರ ಸೇವೆಯ ನಷ್ಟವನ್ನು ಐದು ವರ್ಷಗಳಲ್ಲಿ ಇಲ್ಲವಾಗಿಸುವ ಯೋಜನೆ ರೂಪಿಸಬೇಕೆಂದು ಆಮ್‌ಟ್ರ್ಯಾಕ್‌ಗೆ ಆದೇಶಿಸಿದ್ದು 2015ರ ಸಾರಿಗೆ ಕಾಯ್ದೆ, ಅಂದರೆ ಕಾಂಗ್ರೆಸ್. ಸಿಇಒ ಆರಿಸಿಕೊಂಡದ್ದು ನಷ್ಟ ತಗ್ಗಿಸುವ ವಿಧಾನವನ್ನು ಮಾತ್ರ. ಆ ಷರತ್ತನ್ನು ಕಾಂಗ್ರೆಸ್ಸೇ 2021ರ ಮೂಲಸೌಕರ್ಯ ಕಾಯ್ದೆಯಲ್ಲಿ ಸಡಿಲಿಸಿತು. ಆ ವರ್ಷದ ಬೇಸಿಗೆಯಲ್ಲಿ ಪಶ್ಚಿಮದ ರೈಲುಗಳ ಮಲಗುವ ಬೋಗಿಯ ಪ್ರಯಾಣಿಕರಿಗೆ ಹಳೆಯ ಪದ್ಧತಿಯ ಊಟ ಮರಳಿತು. ಇಲ್ಲಿ ಆ್ಯಂಡರ್ಸನ್ ಅವರನ್ನು ಸಮರ್ಥಿಸುವ ಉದ್ದೇಶವಿಲ್ಲ; ಬೇರೆ ವಿಧಾನಗಳೂ ಇದ್ದವು, ಅವರು ಆರಿಸಿದ್ದು ಪ್ರಯಾಣಿಕರಿಗೆ ಅತಿ ಹೆಚ್ಚು ಕಣ್ಣಿಗೆ ಹೊಡೆಯುವಂಥದ್ದು. ಆದರೂ ದೂರಿನ ಅರ್ಧಭಾಗ ಕಾಂಗ್ರೆಸ್ಸಿನ ವಿಳಾಸಕ್ಕೆ ಹೋಗಬೇಕಿತ್ತು.

ಸಿಇಒ ಕೈಯಲ್ಲಿರುವುದು, ಇಲ್ಲದಿರುವುದು

ಪ್ರತಿಕ್ರಿಯೆಯಲ್ಲಿ ಹೊಸಬರ ಮೇಲಿಟ್ಟ ನಿರೀಕ್ಷೆ ಅಥವಾ ಹೊರಿಸಿದ ಆರೋಪ ಅವರ ಅಧಿಕಾರದ ವ್ಯಾಪ್ತಿಯಲ್ಲಿದೆಯೇ ಎಂದು ಪರೀಕ್ಷಿಸುವುದು ಮೂರನೆಯ ಹಂತ. ರೈಲು ತಡವಾಗಿ ಬರುವುದನ್ನೇ ತೆಗೆದುಕೊಳ್ಳಿ. ಆಮ್‌ಟ್ರ್ಯಾಕ್ ರೈಲುಗಳು ಓಡುವ ದೂರದ ಸುಮಾರು ಶೇ 70ರಷ್ಟು ಇತರರ, ಹೆಚ್ಚಾಗಿ ಸರಕು ಕಂಪನಿಗಳ, ಹಳಿಯ ಮೇಲಿದೆ. ಪ್ರಯಾಣಿಕ ರೈಲಿಗೆ ಮೊದಲ ದಾರಿ ಕೊಡಬೇಕೆಂಬ ಕಾನೂನು 1973ರಿಂದ ಇದ್ದರೂ ಅದನ್ನು ನ್ಯಾಯಾಲಯದಲ್ಲಿ ಜಾರಿ ಮಾಡಿಸಬೇಕಾದುದು ಕೇಂದ್ರ ನ್ಯಾಯ ಇಲಾಖೆ. ಆ ಇಲಾಖೆ 1979ರಲ್ಲಿ ಸದರ್ನ್ ಪೆಸಿಫಿಕ್ ಕಂಪನಿಯ ಮೇಲೆ ಮೊಕದ್ದಮೆ ಹೂಡಿತ್ತು. ಅದಾದ ಮೇಲೆ ಮತ್ತೆ ಹೂಡಿದ್ದು 2024ರಲ್ಲಿ, ನ್ಯೂಯಾರ್ಕ್–ನ್ಯೂ ಆರ್ಲಿಯನ್ಸ್ ನಡುವಿನ ಕ್ರೆಸೆಂಟ್ ರೈಲಿನ ವಿಳಂಬಕ್ಕಾಗಿ ನಾರ್ಫೋಕ್ ಸದರ್ನ್ ಮೇಲೆ. ಹೊಸ ಸಿಇಒ ಬಂದರೆ ರೈಲು ಸಮಯಕ್ಕೆ ಬರುತ್ತದೆ ಎಂಬ ಆಶಯವನ್ನು ಈ ಇತಿಹಾಸದ ಎದುರಿಗಿಟ್ಟು ತೂಗಬೇಕು.

ಹೊಸ ಬೋಗಿಗಳ ವಿಷಯದಲ್ಲಿ ಕಾಲದ ಅಳತೆಯೇ ಬೇರೆ. ಈಶಾನ್ಯ ಕಾರಿಡಾರಿನ ಅತಿವೇಗದ ಏಸೆಲಾ ರೈಲುಗಳ ಹೊಸ ಪೀಳಿಗೆಗೆ ಆಲ್‌ಸ್ಟಾಮ್ ಕಂಪನಿಯೊಂದಿಗಿನ ಒಪ್ಪಂದ ಪ್ರಕಟವಾದದ್ದು 2016ರ ಆಗಸ್ಟ್‌ನಲ್ಲಿ, ಬೋರ್ಡ್‌ಮನ್ ಅವರ ಕೊನೆಯ ದಿನಗಳಲ್ಲಿ. 2021ಕ್ಕೆ ಬರಬೇಕಿದ್ದ ಆ ರೈಲು ಪ್ರಯಾಣಿಕರನ್ನು ಹತ್ತಿಸಿಕೊಂಡದ್ದು 2025ರ ಆಗಸ್ಟ್ 28ರಂದು, ಹ್ಯಾರಿಸ್ ಅವರ ಕಾಲದಲ್ಲಿ. ನಡುವೆ ಮೂರ್‌ಮನ್, ಆ್ಯಂಡರ್ಸನ್, ಫ್ಲಿನ್, ಗಾರ್ಡ್ನರ್ ಬಂದು ಹೋದರು. ಇದರ ಶ್ರೇಯಸ್ಸನ್ನೋ ವಿಳಂಬದ ಅಪವಾದವನ್ನೋ ಒಬ್ಬರ ಹೆಸರಿಗೆ ಬರೆಯುವ ಯಾವ ಪ್ರತಿಕ್ರಿಯೆಯೂ ಲೆಕ್ಕ ತಪ್ಪಿದ್ದೇ.

ಹಾಗಾದರೆ ಸಿಇಒ ಕೈಯಲ್ಲಿ ನಿಜಕ್ಕೂ ಇರುವುದೇನು? ರೈಲಿನ ಒಳಗಿನ ಸೇವೆ, ಟಿಕೆಟ್ ದರದ ನೀತಿ, ನಿರ್ವಹಣೆಗೆ ಹಣ ಹಂಚುವ ಆದ್ಯತೆ, ಹಿರಿಯ ಅಧಿಕಾರಿಗಳ ನೇಮಕ, ಕಾಂಗ್ರೆಸ್ ಮುಂದೆ ಮಂಡಿಸುವ ಬೇಡಿಕೆಯ ಧಾಟಿ. ಇವು ಸಣ್ಣವಲ್ಲ. ಆದರೆ 2020ರ ಅಕ್ಟೋಬರ್‌ನಲ್ಲಿ ಹೆಚ್ಚಿನ ದೂರಪ್ರಯಾಣದ ರೈಲುಗಳು ವಾರಕ್ಕೆ ಮೂರು ದಿನಕ್ಕಿಳಿದದ್ದನ್ನು ಹೊಸದಾಗಿ ಬಂದ ಫ್ಲಿನ್ ಅವರ ತಲೆಗೆ ಕಟ್ಟುವಾಗ, ಕೊರೊನಾ ಕಾಲದ ಖಾಲಿ ಬೋಗಿಗಳನ್ನೂ, ಮರುವರ್ಷ ಅವೇ ರೈಲುಗಳು ಕಾಂಗ್ರೆಸ್ ಕೊಟ್ಟ ನೆರವಿನ ಹಣದಿಂದ ದಿನವಹಿಯಾದದ್ದನ್ನೂ ಮರೆಯಬಾರದು.

ಅಂಕಿಗಳನ್ನು ಹೇಗೆ ಪರೀಕ್ಷಿಸುವುದು

ನಾಯಕತ್ವ ಬದಲಾದಾಗ ಹೋದವರ ಸಾಧನೆಗೂ ವೈಫಲ್ಯಕ್ಕೂ ಅಂಕಿಗಳನ್ನು ಎಳೆದು ತರುವುದು ವಾಡಿಕೆ. ಆಮ್‌ಟ್ರ್ಯಾಕ್‌ನ ಹಣಕಾಸು ವರ್ಷ ಅಕ್ಟೋಬರ್ 1ರಂದು ಆರಂಭವಾಗಿ ಸೆಪ್ಟೆಂಬರ್ 30ಕ್ಕೆ ಮುಗಿಯುತ್ತದೆ. ವರ್ಷದ ನಡುವೆ ಬಂದು ಹೋದವರಿಗೆ ಇಡೀ ವರ್ಷದ ಅಂಕಿಯನ್ನು ಅಂಟಿಸಿದ್ದಾರೆಯೇ ಎಂದು ಮೊದಲು ನೋಡಿ. 2019ರಲ್ಲಿ ನಿರ್ವಹಣಾ ನಷ್ಟ 2.98 ಕೋಟಿ ಡಾಲರ್‌ಗೆ ಇಳಿದಿತ್ತು, ಲಾಭದ ಹೊಸ್ತಿಲಲ್ಲಿದ್ದೇವೆ ಎಂದು ಸಂಸ್ಥೆ ಹೇಳಿಕೊಂಡಿತ್ತು. ಈ ಅಂಕಿಯಲ್ಲಿ ಸವಕಳಿ ಸೇರಿರುವುದಿಲ್ಲ, ರಾಜ್ಯಗಳು ಕೊಡುವ ಹಣ ಆದಾಯವೆಂದು ಲೆಕ್ಕಕ್ಕೆ ಬರುತ್ತದೆ, ಹಳಿ, ಸೇತುವೆ, ಬೋಗಿಗಳ ಬಂಡವಾಳ ವೆಚ್ಚ ಹೊರಗುಳಿಯುತ್ತದೆ. ಆದ್ದರಿಂದ ಆಮ್‌ಟ್ರ್ಯಾಕ್ ಲಾಭದ ಅಂಚಿನಲ್ಲಿತ್ತು ಎನ್ನುವವರೂ, ಕೋಟ್ಯಂತರ ಡಾಲರ್ ನುಂಗುತ್ತಿದೆ ಎನ್ನುವವರೂ ಒಂದೇ ವರ್ಷದ ಬಗ್ಗೆ ಸುಳ್ಳಾಡದೆಯೇ ಜಗಳವಾಡಬಹುದು. ಪ್ರಯಾಣಿಕರ ಸಂಖ್ಯೆಯ ಅಂಕಿ ಇದಕ್ಕಿಂತ ಸರಳ: 2019ರಲ್ಲಿ 3.25 ಕೋಟಿ, ಕೊರೊನಾ ಬಂದ 2020ರಲ್ಲಿ 1.68 ಕೋಟಿ, 2024ರಲ್ಲಿ 3.28 ಕೋಟಿ. ಗಾರ್ಡ್ನರ್ ನಿರ್ಗಮಿಸಿದಾಗ ಸಂಸ್ಥೆ ದಾಖಲೆಯ ಪ್ರಯಾಣಿಕರನ್ನು ಕಂಡ ವರ್ಷವನ್ನು ಆಗಷ್ಟೇ ದಾಟಿತ್ತು ಎಂಬುದನ್ನು ಅವರ ಟೀಕಾಕಾರರು ಹೇಳಲಿಲ್ಲ; ಆ ಏರಿಕೆಯ ಬಹುಪಾಲು ಕೊರೊನಾ ನಂತರ ಜನ ಮರಳಿದ್ದರಿಂದ ಎಂಬುದನ್ನು ಅಭಿಮಾನಿಗಳು ಹೇಳಲಿಲ್ಲ.

ಮೊದಲ ವಾರ ಕಳೆದ ಮೇಲೆ

ಪ್ರತಿಕ್ರಿಯೆಗಳ ಅಬ್ಬರ ಒಂದು ವಾರದಲ್ಲಿ ಇಳಿಯುತ್ತದೆ. ಗಮನಿಸಬೇಕಾದ ಸಂಗತಿಗಳು ನಡೆಯತೊಡಗುವುದು ಅನಂತರ, ಅದೂ ಸದ್ದಿಲ್ಲದೆ. ಗಾರ್ಡ್ನರ್ ಹೋದ ಎರಡು ತಿಂಗಳೊಳಗೆ, 2025ರ ಮೇ ತಿಂಗಳಲ್ಲಿ, ವರ್ಷಕ್ಕೆ ಸುಮಾರು 10 ಕೋಟಿ ಡಾಲರ್ ಉಳಿಸುವ ಉದ್ದೇಶದಿಂದ ಆಮ್‌ಟ್ರ್ಯಾಕ್ ಸುಮಾರು 450 ಹುದ್ದೆಗಳನ್ನು ಕಡಿತಗೊಳಿಸುವುದಾಗಿ ತಿಳಿಸಿತು. ಮಾರ್ಚ್‌ನ ಪ್ರತಿಕ್ರಿಯೆಗಳಲ್ಲಿ ಖಾಸಗೀಕರಣದ ಬಗ್ಗೆ ಪುಟಗಟ್ಟಲೆ ಮಾತಿತ್ತು. ಮೊದಲು ಬಂದದ್ದು ವ್ಯವಸ್ಥಾಪಕ ವರ್ಗದ ಕಡಿತ. ಇದೇ ರೀತಿ ಮಂಡಳಿಗೆ ಹೊಸ ನಾಮಕರಣಗಳು ಬಂದಿವೆಯೇ, ಹಿರಿಯ ಅಧಿಕಾರಿಗಳು ಒಬ್ಬೊಬ್ಬರಾಗಿ ಹೊರಡುತ್ತಿದ್ದಾರೆಯೇ, ವಾರ್ಷಿಕ ಅನುದಾನದ ಬೇಡಿಕೆಯಲ್ಲಿ ಈಶಾನ್ಯ ಕಾರಿಡಾರಿಗೂ ರಾಷ್ಟ್ರೀಯ ಜಾಲಕ್ಕೂ (ಅಂದರೆ ಕಾರಿಡಾರಿನ ಹೊರಗಿನ ಮಾರ್ಗಗಳಿಗೂ) ಕೇಳಿದ ಮೊತ್ತಗಳ ನಡುವಿನ ಅನುಪಾತ ಬದಲಾಗಿದೆಯೇ ಎಂದು ನೋಡುತ್ತಿರಬೇಕು. ಈ ಎರಡು ಖಾತೆಗಳನ್ನು 2015ರ ಕಾಯ್ದೆ ಬೇರ್ಪಡಿಸಿದ್ದರಿಂದ ಹೋಲಿಕೆ ಸುಲಭ. 2024ರಲ್ಲಿ ಮೊದಲನೆಯದಕ್ಕೆ ಸುಮಾರು 114 ಕೋಟಿ, ಎರಡನೆಯದಕ್ಕೆ ಸುಮಾರು 129 ಕೋಟಿ ಡಾಲರ್ ಮಂಜೂರಾಗಿತ್ತು. ದೂರಪ್ರಯಾಣದ ರೈಲುಗಳ ಮೇಲೆ ಹೊಸಬರ ಒಲವು ಏನೆಂದು ಅವರ ಸಂದರ್ಶನಗಳಿಗಿಂತ ಎರಡನೆಯ ಮೊತ್ತ ಹೆಚ್ಚು ಪ್ರಾಮಾಣಿಕವಾಗಿ ಹೇಳುತ್ತದೆ.

ಇನ್ನು, ಅಮೆರಿಕದಲ್ಲಿ ನೆಲೆಸಿ ಈ ರೈಲುಗಳನ್ನು ಬಳಸುವವರು ತಮ್ಮದೇ ಪ್ರತಿಕ್ರಿಯೆಯನ್ನು ತಲುಪಿಸಬೇಕೆಂದರೆ ವಿಳಾಸ ಸರಿಯಾಗಿರಬೇಕು. ಊಟ, ಸ್ವಚ್ಛತೆ, ಟಿಕೆಟ್ ಸಂಬಂಧವಾದ ವಿಷಯ ಆಮ್‌ಟ್ರ್ಯಾಕ್‌ಗೆ. 750 ಮೈಲಿಯೊಳಗಿನ ರಾಜ್ಯ ಬೆಂಬಲಿತ ರೈಲಿನ ವೇಳಾಪಟ್ಟಿ ಮತ್ತು ಸಂಖ್ಯೆಯ ವಿಷಯ ರಾಜ್ಯದ ಸಾರಿಗೆ ಇಲಾಖೆಗೆ. ಹಣ, ಮಂಡಳಿಯ ಸದಸ್ಯರು, ದೂರಪ್ರಯಾಣದ ಮಾರ್ಗಗಳ ಭವಿಷ್ಯ ಇವು ತಮ್ಮ ಸೆನೆಟರ್ ಮತ್ತು ಪ್ರತಿನಿಧಿ ಸಭೆಯ ಸದಸ್ಯರಿಗೆ. ಹೊಸ ಸಿಇಒ ಒಳ್ಳೆಯವರೇ ಕೆಟ್ಟವರೇ ಎಂದು ಬರೆಯುವ ಬದಲು ತಾವು ಹತ್ತುವ ನಿಲ್ದಾಣ, ರೈಲಿನ ಹೆಸರು, ಅದು ನಿಂತರೆ ತಮಗೆ ಉಳಿಯುವ ಬೇರೆ ದಾರಿ ಯಾವುದು ಎಂಬುದನ್ನು ಒಂದು ಪುಟದಲ್ಲಿ ಬರೆಯುವುದು ಮೇಲು. ರೈಲುಗಳಿಗೆ 6,600 ಕೋಟಿ ಡಾಲರ್ ಒದಗಿಸಿ, ಅದರಲ್ಲಿ 2,200 ಕೋಟಿಯನ್ನು ನೇರವಾಗಿ ಆಮ್‌ಟ್ರ್ಯಾಕ್‌ಗೆ ಕೊಟ್ಟ 2021ರ ಮೂಲಸೌಕರ್ಯ ಕಾಯ್ದೆಯ ಅವಧಿ 2026ರ ಸೆಪ್ಟೆಂಬರ್ 30ರವರೆಗೆ ಮಾತ್ರ. ಅದರ ಮುಂದಿನ ಕಾಯ್ದೆಯ ಕರಡು ಸಿದ್ಧವಾಗುವುದು ಕಾಂಗ್ರೆಸ್ಸಿನ ಸಮಿತಿಗಳಲ್ಲಿ, ಆದ್ದರಿಂದ ಪತ್ರದ ಒಂದು ಪ್ರತಿಯನ್ನು ಸೆನೆಟ್‌ನ ವಾಣಿಜ್ಯ ಸಮಿತಿಗೂ ಪ್ರತಿನಿಧಿ ಸಭೆಯ ಸಾರಿಗೆ ಮತ್ತು ಮೂಲಸೌಕರ್ಯ ಸಮಿತಿಗೂ ಕಳಿಸಬೇಕು.